ಕಚೇರಿಗೆ ಹೋಗುವವರ ಎರಡೂವರೆ ಗುಂಟೆ

ಅಲಾಟ್‌ಮೆಂಟ್ ಎಂದರೆ ಇಲ್ಲಿ ಇಂಗ್ಲೆಂಡಿನಲ್ಲಿ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡು ನೆಲ. ಅದು ಸಿಕ್ಕಿತು ಎಂದು ಫೋನ್ ಮಾಡುವವರು ನನ್ನನ್ನು ಮೊದಲು ಕೇಳುವುದು ಬೀಜದ ವಿಷಯ, ಆಮೇಲೆ ಗೊಬ್ಬರದ ವಿಷಯ. ಸಮಯದ ಮಾತು ಬರುವುದು ಜುಲೈ ತಿಂಗಳಲ್ಲಿ, ಕಳೆ ಸೊಂಟದೆತ್ತರ ಬೆಳೆದು ಕೌನ್ಸಿಲ್‌ನಿಂದ ಎಚ್ಚರಿಕೆಯ ಕಾಗದ ಬಂದ ಮೇಲೆ. ಇವತ್ತು ಆ ಕ್ರಮವನ್ನು ತಿರುವಿ ಹಾಕುವ ಉದ್ದೇಶ ನನ್ನದು. ಮೊದಲು ನಿಮ್ಮ ವಾರದಲ್ಲಿ ಎಷ್ಟು ಗಂಟೆ ಉಳಿಯುತ್ತದೆ ನೋಡೋಣ, ಆಮೇಲೆ ಆ ಗಂಟೆಗಳಿಗೆ ಎಷ್ಟು ನೆಲ ಸಾಕು, ಕೊನೆಗೆ ಆ ನೆಲಕ್ಕೆ ಯಾವ ಬೆಳೆ. ಈ ಸಭೆಯಲ್ಲಿ ಕೂತಿರುವ ಕನ್ನಡಿಗರಲ್ಲಿ ಹೆಚ್ಚಿನವರು ಆಸ್ಪತ್ರೆಯವರು, ಇಲ್ಲವೇ ಕಂಪ್ಯೂಟರ್ ಮುಂದೆ ಕೂರುವವರು. ಊರಲ್ಲಿ ಜಮೀನು ಇದ್ದವರೂ ಇದ್ದೀರಿ. ಆದರೆ ಆ ಜಮೀನನ್ನು ನೋಡಿಕೊಂಡವರು ನಮ್ಮ ಅಪ್ಪಂದಿರು, ನಾವಲ್ಲ ಎನ್ನುವುದನ್ನು ಒಪ್ಪಿಕೊಂಡರೆ ಮುಂದಿನ ಮಾತು ಸಲೀಸು.

ಅಳತೆಯಿಂದ ಶುರು ಮಾಡುತ್ತೇನೆ. ಇಂಗ್ಲೆಂಡಿನಲ್ಲಿ ಅಲಾಟ್‌ಮೆಂಟನ್ನು ಇಂದಿಗೂ ರಾಡ್ ಎಂಬ ಹಳೆಯ ಅಳತೆಯ ಲೆಕ್ಕದಲ್ಲಿ ಅಳೆಯುತ್ತಾರೆ. ಪೂರ್ತಿ ಪ್ಲಾಟ್ ಎಂದರೆ ಹತ್ತು ರಾಡ್, ಸುಮಾರು 250 ಚದರ ಮೀಟರ್. ಈ ರಾಡ್ ಯಾರಿಗೂ ಅರ್ಥವಾಗುವುದಿಲ್ಲ, ಇಲ್ಲಿನ ಹುಡುಗರಿಗೂ ಅರ್ಥವಾಗುವುದಿಲ್ಲ. ನಮಗೆ ಮಾತ್ರ ಬಲು ಸುಲಭ. ಒಂದು ಎಕರೆಗೆ 160 ರಾಡ್, ಒಂದು ಎಕರೆಗೆ 40 ಗುಂಟೆ. ಹಾಗಾಗಿ ನಾಲ್ಕು ರಾಡ್ ಸೇರಿದರೆ ಸರಿಯಾಗಿ ಒಂದು ಗುಂಟೆ, ಗುಂಟೆಗೆ ಹದಿನಾರು ಆಣೆಯಾದ್ದರಿಂದ ಒಂದು ರಾಡ್ ಎಂದರೆ ನಾಲ್ಕು ಆಣೆ. ಹತ್ತು ರಾಡ್ ಎಂದರೆ ಎರಡೂವರೆ ಗುಂಟೆ. ಪಹಣಿಯಲ್ಲಿ ನೋಡಿದರೆ ಲೆಕ್ಕಕ್ಕೆ ಬಾರದ ಚೂರು. ಬೆಂಗಳೂರಿನವರ ಭಾಷೆಯಲ್ಲಿ ಹೇಳುವುದಾದರೆ 40×60 ಸೈಟಿಗಿಂತ ತುಸು ಹೆಚ್ಚು. ಅರ್ಧ ಪ್ಲಾಟ್ ಎಂದರೆ 30×40 ಸೈಟಿಗಿಂತ ತುಸು ಹೆಚ್ಚು. ಈಗ ಒಮ್ಮೆ ಯೋಚಿಸಿ: ಒಂದು 40×60 ಸೈಟನ್ನು, ಗೋಡೆಯಿಂದ ಗೋಡೆಗೆ, ಕೆಲಸ ಮುಗಿಸಿ ಬಂದ ಮೇಲೆ ಒಬ್ಬರೇ ಕೈಯಿಂದ ಕಳೆ ತೆಗೆಯಬೇಕು. ಅದು ಮುಗಿಯುವ ಹೊತ್ತಿಗೆ ಮೊದಲು ತೆಗೆದ ಮೂಲೆಯಲ್ಲಿ ಮತ್ತೆ ಕಳೆ ಎದ್ದಿರುತ್ತದೆ.

ಹಾಗಾದರೆ ಇಷ್ಟು ದೊಡ್ಡ ಅಳತೆಯನ್ನು ಇಟ್ಟದ್ದು ಯಾರು, ಯಾರಿಗಾಗಿ? ಅಲಾಟ್‌ಮೆಂಟ್ ಹುಟ್ಟಿದ್ದೇ ದಿನವಿಡೀ ದುಡಿಯುವವರಿಗಾಗಿ. ನಿವೃತ್ತರ ಹವ್ಯಾಸ ಎನ್ನುವ ಹಣೆಪಟ್ಟಿ ಆಮೇಲೆ ಅಂಟಿದ್ದು. ಊರ ಗೋಮಾಳದಂಥ ಸಾರ್ವಜನಿಕ ನೆಲಗಳಿಗೆ ಬೇಲಿ ಬಿದ್ದು, ಕೂಲಿಯವರಿಗೆ ಒಂದು ಸೊಪ್ಪಿನ ಮಡಿಗೂ ಜಾಗ ಇಲ್ಲದಂತಾದಾಗ, ಪರಿಹಾರವೆಂಬಂತೆ ಈ ತುಂಡು ನೆಲಗಳನ್ನು ಕೊಡಲು ಆರಂಭಿಸಿದರು. ಹತ್ತೊಂಬತ್ತನೆಯ ಶತಮಾನದ ರೈತ ಮಾಲೀಕರಿಗೆ ಇದರಲ್ಲಿ ಒಂದು ದೊಡ್ಡ ಭಯವಿತ್ತು. ಕೂಲಿಯವನು ತನ್ನ ಬಲವನ್ನೆಲ್ಲ ತನ್ನ ತುಂಡಿಗೇ ಸುರಿದು ನಮ್ಮ ಹೊಲಕ್ಕೆ ಸುಸ್ತಾಗಿ ಬಂದರೆ? ಅದಕ್ಕೇ ಹಲವು ಕಡೆ ನೆಲದ ಅಳತೆಗೆ ಮಿತಿ ಹಾಕಿದರು, ನೇಗಿಲು ಹೂಡಬಾರದು, ಭಾನುವಾರ ದುಡಿಯಬಾರದು ಎಂದರು. ಈಗಿನ ಮ್ಯಾನೇಜರುಗಳ ಆತಂಕವೂ ಹೆಚ್ಚುಕಡಿಮೆ ಅದೇ, ಹೇಳುವ ರೀತಿ ಮಾತ್ರ ನಾಜೂಕು.

1908ರ ಕಾಯ್ದೆ ಬಂದ ಮೇಲೆ ಇದು ದಾನದಿಂದ ಹಕ್ಕಿನ ಕಡೆಗೆ ಸರಿಯಿತು. ಬೇಡಿಕೆ ಇದ್ದಲ್ಲಿ ಸ್ಥಳೀಯ ಆಡಳಿತ ಅಲಾಟ್‌ಮೆಂಟ್ ಒದಗಿಸಬೇಕು. ಆ ಊರಿನ ಆರು ಮಂದಿ ಮತದಾರರು ಅಥವಾ ಕೌನ್ಸಿಲ್ ತೆರಿಗೆದಾರರು ಸೇರಿ ಮನವಿ ಕೊಟ್ಟರೆ ಕೌನ್ಸಿಲ್ ಅದನ್ನು ಪರಿಗಣಿಸಲೇಬೇಕು. ಒಳ ಲಂಡನ್ನಿನಲ್ಲಿ ಈ ಕರ್ತವ್ಯ ಇಲ್ಲ, ಅಲ್ಲಿರುವವರು ಗಮನಿಸಿ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಇದು ಕೂಲಿ ವರ್ಗಕ್ಕೆ ಮಾತ್ರ ಎಂಬ ಕಟ್ಟು ಹೋಗಿ ಎಲ್ಲರಿಗೂ ತೆರೆಯಿತು. 1922ರ ಕಾಯ್ದೆ ನಲವತ್ತು ರಾಡ್ ಮೀರಬಾರದು, ಮುಖ್ಯವಾಗಿ ಮನೆಮಂದಿ ತಿನ್ನುವ ತರಕಾರಿ, ಹಣ್ಣು ಬೆಳೆಯಬೇಕು ಎಂದಿತು. ಅಂದರೆ ಹತ್ತು ಗುಂಟೆ ಮಿತಿ. ಎರಡನೆಯ ಮಹಾಯುದ್ಧದ ಹೊತ್ತಿಗೆ, ಸರ್ಕಾರ ಊರೂರಿಗೆ ಅಗೆಯಿರಿ, ಬೆಳೆಯಿರಿ ಎಂದು ಪ್ರಚಾರ ಮಾಡಿದಾಗ, ದೇಶದಲ್ಲಿ ಸುಮಾರು ಹದಿನಾಲ್ಕು ಲಕ್ಷ ಪ್ಲಾಟುಗಳಿದ್ದವು. ಅವುಗಳಲ್ಲಿ ದುಡಿದವರಲ್ಲಿ ಅನೇಕರು ಗಣಿಯಲ್ಲಿ, ರೈಲ್ವೆಯಲ್ಲಿ, ಮದ್ದುಗುಂಡಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವರು.

ಇಲ್ಲಿ ಒಂದು ಮಾತು ಬಿಟ್ಟುಹೋಗಬಾರದು. ಹತ್ತು ರಾಡ್ ಎನ್ನುವುದು ಒಂದು ಇಡೀ ಕುಟುಂಬದ ಕೈಗಳ ಲೆಕ್ಕ. ಗಂಡಸು ಅಗೆದ ಎನ್ನುತ್ತಾರೆ, ಮಿಕ್ಕಿದ್ದನ್ನು ಮಾಡಿದವರು ಹೆಂಗಸರು, ಮಕ್ಕಳು. ಇಂದು ನಮ್ಮ ಮನೆಗಳಲ್ಲಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಮಕ್ಕಳಿಗೆ ಶನಿವಾರ ಈಜು, ಭಾನುವಾರ ಕನ್ನಡ ಕಲಿ ತರಗತಿ. ಆದ್ದರಿಂದ ಅಧಿಕಾರಿ ಫೋನ್ ಮಾಡಿ ಪೂರ್ತಿ ಪ್ಲಾಟ್ ಖಾಲಿ ಇದೆ ಎಂದರೆ ಅರ್ಧ ಕೊಡಿ ಎನ್ನಿ. ಕಾಲು ಇದ್ದರೆ ಇನ್ನೂ ಒಳ್ಳೆಯದು. ನಮ್ಮವರಿಗೆ ಇದು ಕಷ್ಟ, ಬಲ್ಲೆ. ನೆಲ ಸಿಗುತ್ತದೆ ಎಂದರೆ ಬೇಡ ಎನ್ನುವ ಕನ್ನಡಿಗನನ್ನು ನಾನು ಇನ್ನೂ ನೋಡಿಲ್ಲ. ಆದರೂ ಬೇಡ ಎನ್ನಿ.

ಈಗ ಗಂಟೆಗಳ ವಿಷಯ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಹೆಚ್ಚೆಂದರೆ ಒಂದೂವರೆ ಗಂಟೆಯ ವ್ಯತ್ಯಾಸ. ಲಂಡನ್ನಿನಲ್ಲಿ ಜೂನ್ ಹಗಲು ಹದಿನಾರೂವರೆ ಗಂಟೆ, ಡಿಸೆಂಬರ್ ಹಗಲು ಎಂಟು ಗಂಟೆಯೂ ಇಲ್ಲ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂಕಾಲು ದಾಟಿದ ಮೇಲೆ. ಆರಕ್ಕೆ ಮನೆಗೆ ಬಂದು, ಕಾಫಿ ಕುಡಿದು ಹೊರಟರೂ ಎರಡೂವರೆ ಗಂಟೆ ಬೆಳಕು ಕೈಯಲ್ಲಿರುತ್ತದೆ. ಊರಿನಲ್ಲಿ ಯಾವ ಗುಮಾಸ್ತನಿಗೂ ಈ ಭಾಗ್ಯ ಇಲ್ಲ, ಏಳು ದಾಟಿದರೆ ಅಲ್ಲಿ ಕತ್ತಲು.

ಈ ಸಂಜೆಯಲ್ಲಿ ಒಂದು ಗಂಟೆ ಕಾನೂನು ಕೊಟ್ಟದ್ದು. ವಿಲಿಯಂ ವಿಲೆಟ್ ಎಂಬ ಕಟ್ಟಡ ಗುತ್ತಿಗೆದಾರ 1907ರಲ್ಲಿ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿ, ಜನ ಬೆಳಗಿನ ಬೆಳಕನ್ನು ನಿದ್ದೆಯಲ್ಲಿ ಹಾಳು ಮಾಡುತ್ತಿದ್ದಾರೆ, ಬೇಸಿಗೆಯಲ್ಲಿ ಗಡಿಯಾರ ಮುಂದಕ್ಕಿಡಿ ಎಂದು ವಾದಿಸಿದ. ಸಂಸತ್ತು ನಕ್ಕಿತು. ಅವನು 1915ರಲ್ಲಿ ತೀರಿಕೊಂಡ. ಮರುವರ್ಷ, ಯುದ್ಧದ ನಡುವೆ, ಜರ್ಮನಿ ಗಡಿಯಾರ ಮುಂದಿಟ್ಟಿತು, ಕೆಲವೇ ವಾರಗಳಲ್ಲಿ ಬ್ರಿಟನ್ನೂ ಇಟ್ಟಿತು. ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಬದಲಾದ ಮಾರನೆಯ ದಿನವೇ ನಮ್ಮ ವರ್ಷ ಶುರು. ಅಲ್ಲಿಂದ ಸೆಪ್ಟೆಂಬರ್ ತನಕ ವಾರದ ಸಂಜೆಗಳು ನಿಮ್ಮವು. ಅಕ್ಟೋಬರ್ ಕೊನೆಯ ಭಾನುವಾರದ ನಂತರ ಕೆಲಸದ ದಿನ ನೀವು ತೋಟ ನೋಡುವುದೇ ಇಲ್ಲ, ಹೋಗುವಾಗ ಮಬ್ಬು, ಬರುವಾಗ ಕತ್ತಲು. ಚಿಂತೆ ಬೇಡ, ಆಗ ತೋಟವೂ ಬೆಳೆಯುವುದಿಲ್ಲ. ನಿಮಗೆ ಬಿಡುವಿಲ್ಲದ ಕಾಲದಲ್ಲಿ ಅದಕ್ಕೆ ನಿಮ್ಮ ಅಗತ್ಯವೂ ಇಲ್ಲ. ಈ ಹೊಂದಾಣಿಕೆ ಇರುವುದರಿಂದಲೇ ಪೂರ್ಣಾವಧಿ ಕೆಲಸದ ಜೊತೆ ಇದು ಸಾಧ್ಯ.

ತೊಡಕಿರುವುದು ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದವರೆಗೆ. ಆ ಎರಡು ತಿಂಗಳಲ್ಲಿ ಎಲ್ಲವೂ ಒಟ್ಟಿಗೆ ನುಗ್ಗುತ್ತದೆ: ಬಿತ್ತನೆ, ಸಸಿ ನೆಡುವುದು, ಕಳೆ, ಬಸವನಹುಳು. ಮೇ ಮಧ್ಯದವರೆಗೂ ಇಬ್ಬನಿ ಹೆಪ್ಪುಗಟ್ಟುವ ಭಯ ಬೇರೆ. ಅದೃಷ್ಟಕ್ಕೆ ಬ್ಯಾಂಕ್ ರಜೆಗಳೆಂಬ ಸಾರ್ವಜನಿಕ ರಜೆಗಳೂ ಅದರ ಆಸುಪಾಸಿನಲ್ಲೇ ಗುಂಪುಗೂಡಿವೆ: ಈಸ್ಟರಿನ ಎರಡು, ಮೇ ತಿಂಗಳ ಎರಡು ಸೋಮವಾರ. ಇಲ್ಲಿನ ಹಳಬರು ಗುಡ್ ಫ್ರೈಡೇ ದಿನ ಆಲೂಗಡ್ಡೆ ನೆಡಬೇಕು ಎನ್ನುತ್ತಾರೆ. ಗುಡ್ ಫ್ರೈಡೇ ಮಾರ್ಚ್ 20ರಿಂದ ಏಪ್ರಿಲ್ 23ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು, ಮಣ್ಣಿಗೆ ಅದರ ಪರಿವೆಯೇ ಇಲ್ಲ. ಕೂಲಿಯವರಿಗೆ ವಸಂತದಲ್ಲಿ ಸಿಗುತ್ತಿದ್ದ ರಜೆಯೇ ಅದೊಂದು, ಹಾಗಾಗಿ ಅಂದು ನೆಟ್ಟರು. ನನಗೆ ಈ ವಿವರಣೆ ಬಲು ಇಷ್ಟ. ಅವರೂ ನಮ್ಮ ಹಾಗೆಯೇ, ಪಂಚಾಂಗ ನೋಡದೆ ರಜೆಯ ಪಟ್ಟಿ ನೋಡಿ ಬೇಸಾಯ ಮಾಡಿದವರು. ನೀವೂ ವಾರ್ಷಿಕ ರಜೆಯ ನಾಲ್ಕಾರು ಅರ್ಧ ದಿನಗಳನ್ನು ಮೇ ತಿಂಗಳಿಗೆಂದೇ ಎತ್ತಿಡಿ. ಆಗಸ್ಟಿನಲ್ಲಿ ಪೂರ್ತಿ ವಾರ ಕೊಡುವುದಕ್ಕಿಂತ ಮೇ ತಿಂಗಳ ಅರ್ಧ ದಿನ ಮೇಲು.

ಮೇ ತಿಂಗಳ ಒಂದು ಸಾಮಾನ್ಯ ಸಂಜೆ ಹೇಗಿರಬೇಕು ಎಂದು ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಸೋಲುವುದು ಇಲ್ಲೇ. ಅವರು ವಾರವಿಡೀ ಹೋಗುವುದಿಲ್ಲ, ಭಾನುವಾರ ಆರು ಗಂಟೆ ಹೋಗಿ ಸೊಂಟ ಹಿಡಿಸಿಕೊಂಡು ಬರುತ್ತಾರೆ, ಮುಂದಿನ ಭಾನುವಾರ ಮಳೆ. ಆಮೇಲೆ ಮೂರು ವಾರ ಅತ್ತ ಸುಳಿಯುವುದಿಲ್ಲ. ಅದರ ಬದಲು ವಾರದ ನಡುವೆ ಎರಡು ಸಲ, ಮುಕ್ಕಾಲು ಗಂಟೆಯಂತೆ ಹೋಗಿ. ಹೋದೊಡನೆ ಶೆಡ್ಡಿನ ಬೀಗ ತೆಗೆಯಬೇಡಿ. ಬರಿಗೈಯಲ್ಲಿ ಒಂದು ಸುತ್ತು ಬನ್ನಿ, ಏನು ತುರ್ತು ಎಂದು ನೋಡಿ. ಆಮೇಲೆ ಡಚ್ ಹೋ ತೆಗೆದುಕೊಳ್ಳಿ. ಅದು ನಮ್ಮ ಕುಂಟೆಯ ಕೈಗೂಸು, ಅಷ್ಟೇ. ಎತ್ತು ಎಳೆಯುವ ಕುಂಟೆಯ ಅಲಗು ಮಣ್ಣಿನ ಮೇಲುಪದರದ ಕೆಳಗೆ ಜಾರುತ್ತಾ ಕಳೆಯ ಕುತ್ತಿಗೆ ಕತ್ತರಿಸುವ ಹಾಗೆ, ಇದನ್ನು ನಿಂತುಕೊಂಡೇ ಮುಂದಕ್ಕೆ ತಳ್ಳಬೇಕು. ಅಲಗು ಬೆರಳಿನ ಉಗುರಿನಷ್ಟು ಆಳ ಹೋದರೆ ಸಾಕು, ಅದಕ್ಕಿಂತ ಆಳ ಹೋದರೆ ಕೆಳಗೆ ಮಲಗಿದ್ದ ಹೊಸ ಬೀಜಗಳನ್ನು ಬೆಳಕಿಗೆ ಕರೆದಂತೆ. ಕಳೆ ಇನ್ನೂ ಎರಡೆಲೆಯ ಎಳೆಗೂಸಾಗಿರುವಾಗ, ಒಣ ಸಂಜೆಯಲ್ಲಿ ಹೀಗೆ ಕೆರೆದರೆ ಮಾರನೆಯ ದಿನದ ಬಿಸಿಲಿಗೆ ಅದು ಸುಟ್ಟುಹೋಗುತ್ತದೆ. ಅದೇ ಕೆಲಸವನ್ನು ಮಳೆಯ ಸಂಜೆ ಮಾಡಿದರೆ ಕಳೆಯನ್ನು ನಾಟಿ ಮಾಡಿದ ಹಾಗೆ, ಎರಡು ದಿನದಲ್ಲಿ ಬೇರು ಬಿಟ್ಟು ಎದ್ದು ನಿಲ್ಲುತ್ತದೆ. ಅಲಗಿಗೆ ಅರ ಹಾಕಿ ಹರಿತ ಮಾಡಿಟ್ಟುಕೊಳ್ಳಿ. ಮೊಂಡ ಅಲಗು ಕತ್ತರಿಸುವುದಿಲ್ಲ, ಕಳೆಯನ್ನು ಮಗ್ಗುಲಿಗೆ ತಳ್ಳುತ್ತದೆ, ಅಷ್ಟೇ.

ಇದು ಬೀಜದಿಂದ ಬರುವ ಕಳೆಗೆ. ಬೇರಿನಿಂದ ಬರುವವು ಬೇರೆಯ ಜಾತಿ: ಬೈಂಡ್‌ವೀಡ್ ಬಳ್ಳಿ, ಕೌಚ್ ಹುಲ್ಲು, ಹಾರ್ಸ್‌ಟೇಲ್. ಇವುಗಳ ಬೇರಿನ ತುಂಡು ಮಣ್ಣಿನಲ್ಲಿ ಉಳಿದರೂ ಹೊಸ ಗಿಡ. ಹೊಸದಾಗಿ ಪ್ಲಾಟ್ ಸಿಕ್ಕವರು ಬಾಡಿಗೆಗೆ ಯಂತ್ರ ತಂದು ಉತ್ತು ಬಿಡುತ್ತಾರೆ. ಒಂದು ವಾರ ನೋಡಲು ಕಾಫಿಪುಡಿ ಹರಡಿದ ಹಾಗೆ ಅಂದ, ಆಮೇಲೆ ಒಂದಿದ್ದ ಬೇರು ನೂರು ತುಂಡಾಗಿ ನೂರು ಕಡೆ ಮೊಳೆಯುತ್ತದೆ. ಸಮಯವಿಲ್ಲದವರಿಗೆ ಇರುವ ದಾರಿ ಮುಚ್ಚುವುದು. ಸಾಮರ್ಸೆಟ್ಟಿನ ಚಾರ್ಲ್ಸ್ ಡೌಡಿಂಗ್ ಅಗೆಯದ ತೋಟಗಾರಿಕೆಯನ್ನು ದಶಕಗಳಿಂದ ಮಾಡಿ ತೋರಿಸುತ್ತಾ ಬಂದಿದ್ದಾರೆ: ಹುಲ್ಲಿನ ಮೇಲೆ ರಟ್ಟು ಹಾಸಿ, ಅದರ ಮೇಲೆ ಸುಮಾರು ಅರ್ಧ ಅಡಿ ಕಾಂಪೋಸ್ಟ್ ಹರಡಿ, ನೇರ ಅದರಲ್ಲೇ ನೆಡುವುದು. ವಿಧಾನ ಒಳ್ಳೆಯದು, ಆದರೆ ಇಡೀ ಪ್ಲಾಟಿಗೆ ಅಷ್ಟು ಕಾಂಪೋಸ್ಟ್ ಕೊಂಡರೆ ಜೇಬು ಖಾಲಿ. ಆದ್ದರಿಂದ ಎರಡು ಮಡಿಗೆ ಮಾಡಿ, ಮಿಕ್ಕ ನೆಲವನ್ನು ದಪ್ಪ ಕಪ್ಪು ಹಾಳೆ ಹಾಸಿ ಒಂದು ವರ್ಷ ಕತ್ತಲಲ್ಲಿಡಿ. ಹಳೆಯ ಕಾರ್ಪೆಟ್ ಬೇಡ, ಅನೇಕ ಕಡೆ ಅದಕ್ಕೆ ನಿಷೇಧವಿದೆ. ಮುಕ್ಕಾಲು ಭಾಗ ಸಾಗುವಳಿಯಲ್ಲಿರಬೇಕು ಎಂಬ ಷರತ್ತು ಹಲವು ಒಪ್ಪಂದಗಳಲ್ಲಿರುತ್ತದೆ. ಮುಚ್ಚಿದ ನೆಲವನ್ನು ಲೆಕ್ಕಕ್ಕೆ ಹಿಡಿಯುತ್ತಾರೆಯೇ ಎಂದು ಮೊದಲೇ ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ.

ಇನ್ನು ಬೆಳೆ. ಇದಕ್ಕೆ ನನ್ನ ವಿಂಗಡಣೆ ಒಂದೇ: ನಿಮಗಾಗಿ ಕಾಯುವ ಬೆಳೆ, ಕಾಯದ ಬೆಳೆ. ದಿನಕ್ಕೊಮ್ಮೆ ಮುಖ ತೋರಿಸಬೇಕಾದ್ದೆಲ್ಲ ಮನೆಯ ಹಿತ್ತಿಲಿಗೆ, ಅಡುಗೆಮನೆ ಬಾಗಿಲ ಪಕ್ಕದ ಕುಂಡಕ್ಕೆ. ಟೊಮೇಟೊ, ಮೆಣಸಿನಕಾಯಿ, ಲೆಟಿಸ್, ಪುದೀನ ಇವೆಲ್ಲ ಅಲ್ಲಿರಲಿ. ಬಯಲಿನಲ್ಲಿ ಟೊಮೇಟೊ ಹಾಕಿದರೆ ಆಗಸ್ಟಿನ ಒಂದು ತೇವದ ವಾರದಲ್ಲಿ ಅಂಗಮಾರಿ ಬಡಿಯುತ್ತದೆ, ಆಲೂಗಡ್ಡೆಗೆ ಬರುವ ಅದೇ ರೋಗ. ವಾರಗಟ್ಟಲೆ ಕಾಯಬಲ್ಲವು ಮಾತ್ರ ಪ್ಲಾಟಿಗೆ. ಬೆಳ್ಳುಳ್ಳಿ, ಈರುಳ್ಳಿ, ಆಲೂಗಡ್ಡೆ, ಈರುಳ್ಳಿ ಜಾತಿಯ ಲೀಕ್, ಕುಂಬಳ. ಹಣ್ಣು ಕಾಯದಿದ್ದರೂ ಗಿಡ ಕಾಯುತ್ತದೆ ಎಂದು ಶರತ್ಕಾಲದ ರಾಸ್ಪ್‌ಬೆರಿಗೂ ಇಲ್ಲಿ ಜಾಗ. ಈ ರಾಸ್ಪ್‌ಬೆರಿಯನ್ನು ಫೆಬ್ರವರಿಯಲ್ಲಿ ನೆಲಮಟ್ಟಕ್ಕೆ ಕತ್ತರಿಸಿದರೆ ಮುಗಿಯಿತು, ಅದಕ್ಕಿಂತ ಕಡಿಮೆ ಕೇಳುವ ಹಣ್ಣು ಇನ್ನೊಂದಿಲ್ಲ.

ನಮ್ಮವರಿಗೆ ಮಾತ್ರ ಇರುವ ಒಂದು ಪೇಚು ಇದೆ. ಇಲ್ಲಿನ ತೋಟಗಾರಿಕೆಯ ಪುಸ್ತಕಗಳಲ್ಲಿ ಅದರ ಸುಳಿವೂ ಇರುವುದಿಲ್ಲ. ಶಾಲೆಗೆ ಆರು ವಾರ ಬೇಸಿಗೆ ರಜೆ ಜುಲೈ ಕೊನೆಯಿಂದ. ನಾವು ಊರಿಗೆ ಹೋಗುವುದು ಆಗಲೇ. ತೋಟ ಕೈತುಂಬ ಕೊಡುವುದೂ ಆಗಲೇ. ಕೋರ್ಜೆಟ್, ಅಂದರೆ ಜುಕಿನಿ, ಗಿಡವನ್ನು ಹತ್ತು ದಿನ ಬಿಟ್ಟರೆ ಬೆರಳುದ್ದದ ಕಾಯಿ ತೊಡೆಗಾತ್ರವಾಗುತ್ತದೆ. ರನ್ನರ್ ಬೀನ್ಸಿನಲ್ಲಿ ಕಾಯಿ ಬಲಿಯಲು ಬಿಟ್ಟರೆ ಗಿಡ ತನ್ನ ಕೆಲಸವಾಯಿತು ಎಂದು ಹೂ ಬಿಡುವುದನ್ನೇ ನಿಲ್ಲಿಸುತ್ತದೆ. ನೀವು ಬಸವನಗುಡಿಯಲ್ಲಿ ದೋಸೆ ತಿನ್ನುತ್ತಿರುವಾಗ ಇಲ್ಲಿ ಇಷ್ಟೆಲ್ಲ ಆಗಿರುತ್ತದೆ.

ಇದಕ್ಕೆ ನಾನು ಸೂಚಿಸುವುದು ಜುಲೈ ಮಧ್ಯಕ್ಕೆ ಮುಗಿಯುವ ತೋಟ. ಅಕ್ಟೋಬರ್ ಕೊನೆಗೆ ಬೆಳ್ಳುಳ್ಳಿ ಎಸಳು ಊರಿ, ಜುಲೈನಲ್ಲಿ ಕೆಳಗಿನ ಎಲೆಗಳು ಹಳದಿಯಾದಾಗ ಕೀಳಬಹುದು. ನವೆಂಬರ್ ಮೊದಲ ವಾರ ಬ್ರಾಡ್ ಬೀನ್ಸ್ ಬಿತ್ತಿ, ಅಕ್ವಾಡುಲ್ಚೆ ಕ್ಲಾಡಿಯಾ ಎಂಬ ಹಳೆಯ ತಳಿ ಚಳಿ ತಡೆಯುತ್ತದೆ. ಮೊದಲ ಕೊಯ್ಲಿನ ತಳಿಯ ಆಲೂಗಡ್ಡೆಯನ್ನು ಮಾರ್ಚ್ ಕೊನೆ, ಏಪ್ರಿಲ್ ಆರಂಭದಲ್ಲಿ ನೆಟ್ಟರೆ ಹತ್ತು ಹನ್ನೆರಡು ವಾರಕ್ಕೆ ಅಗೆಯಬಹುದು, ಅಂಗಮಾರಿ ಬರುವ ಮುನ್ನ ಅದು ನಿಮ್ಮ ಪಲ್ಯವಾಗಿರುತ್ತದೆ. ಜೂನ್ ಆರಂಭದಲ್ಲಿ ಎರಡು ಮೂರು ಕುಂಬಳದ ಸಸಿಗಳನ್ನು ಇವುಗಳ ಅಂಚಿನಲ್ಲಿ ನೆಡಿ. ನೀವು ವಿಮಾನ ಹತ್ತುವ ಹೊತ್ತಿಗೆ ಖಾಲಿಯಾದ ಮಡಿಗಳ ಮೇಲೆ ಅವು ಹಬ್ಬಿ ಕಳೆಗೆ ಬೆಳಕು ಸಿಗದಂತೆ ಮಾಡುತ್ತವೆ. ಮರಳಿ ಬಂದಾಗ ಕುಂಬಳಕಾಯಿ ಸಿಕ್ಕರೆ ಲಾಭ, ಸಿಗದಿದ್ದರೂ ನೆಲ ಮುಚ್ಚಿದ್ದೇ ಲಾಭ.

ಬ್ರಾಡ್ ಬೀನ್ಸ್ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದರ ಸಿಪ್ಪೆ ದಪ್ಪ, ಕಹಿ ಎಂದು ದೂರುವವರು ಇದ್ದಾರೆ. ಕಾಳನ್ನು ಒಂದು ನಿಮಿಷ ಕುದಿಯುವ ನೀರಿಗೆ ಹಾಕಿ ತೆಗೆದು, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ. ಬೂದು ಸಿಪ್ಪೆ ಕೈಯಲ್ಲುಳಿದು ಒಳಗಿನ ಗಿಳಿಹಸಿರು ಬೇಳೆ ಪುಳಕ್ಕನೆ ಹಾರುತ್ತದೆ. ಅವರೆಕಾಳು ಹಿತುಕಿದ ಕೈಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ತೆಂಗಿನಕಾಯಿ, ಗಸಗಸೆ ಅರೆದು ಸಾರು ಮಾಡಿ. ಸೊಗಡು ಇರುವುದಿಲ್ಲ, ಅದನ್ನು ಒಪ್ಪಲೇಬೇಕು, ಮಿಕ್ಕಂತೆ ಜೂನ್ ತಿಂಗಳ ಹಿತಕಿದ ಬೇಳೆ. ವೈದ್ಯರು ಅನೇಕರಿದ್ದೀರಿ, ನನಗಿಂತ ಚೆನ್ನಾಗಿ ಬಲ್ಲಿರಿ: ಜಿ6ಪಿಡಿ ಕಿಣ್ವದ ಕೊರತೆ ಇರುವವರು ಈ ಕಾಳನ್ನು ತಿನ್ನಬಾರದು, ರಕ್ತದ ಕೆಂಪು ಕಣಗಳು ಒಡೆಯುತ್ತವೆ.

ನಿಜವಾದ ಅವರೆಯನ್ನೇ ಬೆಳೆಯಬಾರದೇ ಎಂದು ಪ್ರತಿ ಸಲವೂ ಕೇಳುತ್ತಾರೆ, ಈಗಲೂ ಆ ಕಡೆಯಿಂದ ಕೈ ಎದ್ದಿತು. ಊರಿನ ಅವರೆ ಹಗಲು ಕುಗ್ಗಿದಾಗಲೇ ಹೂ ಬಿಡುವ ಗಿಡ, ಆದ್ದರಿಂದಲೇ ಅಲ್ಲಿ ಧನುರ್ಮಾಸಕ್ಕೆ ಕಾಯಿ. ಇಲ್ಲಿನ ಜೂನ್ ಹಗಲಿನಲ್ಲಿ ಅದು ಬರೀ ಬಳ್ಳಿ, ಎಲೆ. ಹೂವಿನ ಯೋಚನೆ ಬರುವ ಹೊತ್ತಿಗೆ ಅಕ್ಟೋಬರ್ ಚಳಿ ಬಂದು ಗಿಡ ಕಪ್ಪಾಗುತ್ತದೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದಕ್ಕೆ ಕಟ್ಟುಬೀಳದ ಹೆಬ್ಬಾಳ ಅವರೆ 3, 4 ಎಂಬ ತಳಿಗಳನ್ನು ಹೊರತಂದಿದ್ದಾರೆ. ಅವುಗಳಿಂದ ಹಗಲಿನ ತೊಡಕು ತೀರಿದರೂ ಶಾಖದ ತೊಡಕು ಉಳಿಯುತ್ತದೆ. ಮತ್ತೆ, ಊರಿನಿಂದ ಬಿತ್ತನೆ ಬೀಜವನ್ನು ಸೂಟ್‌ಕೇಸಿನಲ್ಲಿ ತರಬೇಡಿ, ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಅದು ಕಾನೂನುಬಾಹಿರ. ಮೆಂತ್ಯಕ್ಕೆ ಅಂಗಡಿಯ ಪೊಟ್ಟಣವೇ ಸಾಕು. ಮೇ ತಿಂಗಳಿಂದ ಚೆಲ್ಲಿದರೆ ಐದಾರು ವಾರಕ್ಕೆ ಸೊಪ್ಪು. ಕೊತ್ತಂಬರಿಯನ್ನು ಎಲ್ಲರೂ ಮೇ ತಿಂಗಳಲ್ಲಿ ಬಿತ್ತುತ್ತಾರೆ, ಉದ್ದ ಹಗಲಿಗೆ ಅದು ಸೊಪ್ಪು ಬಿಡುವ ಮೊದಲೇ ಹೂವಾಗುತ್ತದೆ. ಊರಿನಿಂದ ಬಂದ ಮೇಲೆ ಬಿತ್ತಿ, ಹಗಲು ಕುಗ್ಗುತ್ತಿರುವಾಗ ತಿಂಗಳುಗಟ್ಟಲೆ ಕೊಯ್ಯಬಹುದು. ಬೆಂಡೆ, ಹಾಗಲ, ಬಸಳೆಗೆ ಪಾಲಿಟನಲ್ ಎಂಬ ಪ್ಲಾಸ್ಟಿಕ್ ಹೊದಿಕೆಯ ಗೂಡು ಬೇಕು. ಪಾಲಿಟನಲ್ ಎಂದರೆ ಪ್ರತಿದಿನ ನೀರು, ಪ್ರತಿದಿನ ಕಿಟಕಿ ತೆರೆಯುವುದು. ಪೂರ್ಣಾವಧಿ ಕೆಲಸದವರಿಗೆ ನಾನು ಬೇಡ ಎನ್ನುತ್ತೇನೆ, ನಿಮ್ಮ ಮನೆಯಲ್ಲಿ ಅತ್ತೆಯೋ ಮಾವನೋ ಆರು ತಿಂಗಳ ವೀಸಾದಲ್ಲಿ ಬಂದಿದ್ದರೆ ಮಾತು ಬೇರೆ.

ನೀರಿನ ವಿಷಯ ಚಿಕ್ಕದು. ಅನೇಕ ಕಡೆ ಹೋಸ್ ಪೈಪ್ ಬಿಡುವುದಿಲ್ಲ, ತೊಟ್ಟಿಯಿಂದ ಕ್ಯಾನಿನಲ್ಲಿ ಹೊರಬೇಕು. ದಿನಾ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ವಾರಕ್ಕೊಮ್ಮೆ ಬುಡಕ್ಕೆ ಧಾರಾಳವಾಗಿ ಹೊಯ್ಯಿರಿ, ಬೇರು ಆಳಕ್ಕೆ ಇಳಿಯುತ್ತದೆ. ಬಲಿತು ನಿಂತ ಬೆಳ್ಳುಳ್ಳಿ, ಈರುಳ್ಳಿಗೆ ಕೊನೆಯ ವಾರಗಳಲ್ಲಿ ನೀರು ಬೇಡವೇ ಬೇಡ.

ಪಾಳಿಯಲ್ಲಿ ದುಡಿಯುವ ನರ್ಸ್‌ಗಳು, ವೈದ್ಯರು ಸಮಯದ ಲೆಕ್ಕದಲ್ಲಿ ನಮಗಿಂತ ಮೇಲು ಎಂದು ನನ್ನ ಅಭಿಪ್ರಾಯ. ಅವರಿಗೆ ವಾರದ ನಡುವೆ ಪೂರ್ತಿ ಹಗಲು ಸಿಗುತ್ತದೆ, ಜನವರಿಯಲ್ಲೂ ಸಿಗುತ್ತದೆ. ಆದರೆ ನಾಲ್ಕು ರಾತ್ರಿ ಪಾಳಿ ಬಂದರೆ ಆ ವಾರ ಹೋಯಿತು. ಕಚೇರಿಯ ಕೆಲಸದವರೊಬ್ಬರು, ಪಾಳಿಯವರೊಬ್ಬರು ಸೇರಿ ಒಂದು ಪ್ಲಾಟ್ ನೋಡಿಕೊಂಡರೆ ಈ ಎರಡೂ ಕೊರತೆ ನೀಗುತ್ತವೆ. ಒಳಗುತ್ತಿಗೆ ಕೊಡುವಂತಿಲ್ಲ, ಹಾಗಾಗಿ ಒಪ್ಪಂದದಲ್ಲಿ ಎರಡನೆಯ ಹೆಸರು ಸೇರಿಸಲು ಅವಕಾಶವಿದೆಯೇ ಎಂದು ಕೇಳಿ, ಸೇರಿಸಿ. ಮೊದಲೇ ಯಾರಿಗೆ ಯಾವ ಮಡಿ ಎಂದು ಗುರುತು ಹಾಕಿಕೊಳ್ಳಿ. ಸ್ನೇಹ ಕೆಡುವುದು ಕೆಲಸದ ಪಾಲಿನಲ್ಲಲ್ಲ, ಸ್ಟ್ರಾಬೆರಿಯ ಪಾಲಿನಲ್ಲಿ. ಪಕ್ಕದ ಪ್ಲಾಟಿನವರ ಜೊತೆಗೂ ಮಾತು ಬೆಳೆಸಿ. ಊರಿಗೆ ಹೊರಡುವ ಮುನ್ನ ಬೀನ್ಸ್ ಎಲ್ಲ ಕಿತ್ತು, ಮುಂದೆ ಬಿಡುವುದನ್ನೆಲ್ಲ ನೀವು ತಿನ್ನಿ ಎಂದು ಅವರಿಗೆ ಹೇಳಿ. ನೀರು ಹಾಕಿ ಎಂದು ಕೇಳಬೇಡಿ, ಕಿತ್ತು ತಿನ್ನಿ ಎಂದಷ್ಟೇ ಹೇಳಿ. ತಿನ್ನಲು ಬಂದವರು ನೀರನ್ನೂ ಹಾಕಿಯೇ ಹೋಗುತ್ತಾರೆ.

ದುಡ್ಡು ಉಳಿಯುತ್ತದೆಯೇ ಎಂದರೆ, ನಿಮ್ಮ ಗಂಟೆಗೆ ಬೆಲೆ ಕಟ್ಟಿದರೆ ಉಳಿಯುವುದಿಲ್ಲ. ಕಟ್ಟದಿದ್ದರೆ ಸೊಪ್ಪಿನಲ್ಲಿ, ರಾಸ್ಪ್‌ಬೆರಿಯಲ್ಲಿ ಒಂದಿಷ್ಟು ಉಳಿಯುತ್ತದೆ, ಆಲೂಗಡ್ಡೆಯಲ್ಲಿ ಖಂಡಿತ ಇಲ್ಲ.

ಕೊನೆಯದು ಸರದಿಯ ವಿಷಯ. ಹೆಸರು ಬರೆಸಿ ಮೂರು ವರ್ಷ ಕಾದವರು ಇದ್ದಾರೆ, ಮೂರು ತಿಂಗಳಲ್ಲಿ ಸಿಕ್ಕವರೂ ಇದ್ದಾರೆ. ನಿಮ್ಮ ಕೌನ್ಸಿಲ್‌ನಲ್ಲಿ, ಸಣ್ಣ ಊರಾದರೆ ಪ್ಯಾರಿಷ್ ಕೌನ್ಸಿಲ್‌ನಲ್ಲಿ, ಎಷ್ಟು ಕಡೆ ಬಿಡುತ್ತಾರೋ ಅಷ್ಟು ಕಡೆ ಬರೆಸಿ. ಮನೆಗೂ ಕಚೇರಿಗೂ ನಡುವಿನ ದಾರಿಯಲ್ಲಿ ಸಿಕ್ಕರೆ ಬಿಡಬೇಡಿ. ಹದಿನೈದು ನಿಮಿಷ ಸುತ್ತಿ ಹೋಗಬೇಕಾದ ಚೆಂದದ ಪ್ಲಾಟಿಗಿಂತ ದಾರಿಯಲ್ಲೇ ಇರುವ ಕುರೂಪಿ ಪ್ಲಾಟು ವಾಸಿ, ಮಂಗಳವಾರ ಸಂಜೆ ನೀವು ಹೋಗುವುದು ಅದಕ್ಕೆ ಮಾತ್ರ. ವಸಂತದ ತಪಾಸಣೆಯಲ್ಲಿ ಹಳಬರು ಬಿಟ್ಟುಕೊಟ್ಟ ಪ್ಲಾಟುಗಳು ಹೊಸಬರ ಕೈಗೆ ಬರುವುದು ಹೆಚ್ಚಾಗಿ ಜೂನ್‌ನಲ್ಲಿ, ಎದೆಯೆತ್ತರದ ಹುಲ್ಲಿನ ಜೊತೆಗೆ. ಆಗ ಗಾಬರಿಯಾಗಬೇಡಿ. ಹುಲ್ಲನ್ನು ಕತ್ತರಿಸಿ ಅಲ್ಲೇ ಹಾಸಿ, ಮೇಲೆ ರಟ್ಟು, ಅದರ ಮೇಲೆ ಕಪ್ಪು ಹಾಳೆ. ನಡುನಡುವೆ ರಂಧ್ರ ಮಾಡಿ, ಒಂದೊಂದು ಬುಟ್ಟಿ ಗೊಬ್ಬರ ಹಾಕಿ ನಾಲ್ಕು ಕುಂಬಳದ ಸಸಿ ನೆಟ್ಟು ಊರಿಗೆ ಹೋಗಿ ಬನ್ನಿ. ಬಂದ ಮೇಲೆ ಅಕ್ಟೋಬರಿನಲ್ಲಿ ಒಂದು ಮೂಲೆಯ ಹಾಳೆ ಸರಿಸಿ, ಅಷ್ಟಕ್ಕೆ ಮಾತ್ರ ಬೆಳ್ಳುಳ್ಳಿ ಹಾಕಿ. ಉಳಿದದ್ದು ಮುಂದಿನ ಮಾರ್ಚ್‌ವರೆಗೆ ಮುಚ್ಚಿಯೇ ಇರಲಿ.